ಕಾಲು ಮುರಿದಾಗ ಊಟವೂ ವ್ಯಾಯಾಮವೂ
(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಭಾನುವಾರದ ಭಾಷಣಕ್ಕೆ ಪಂಡಿತರನ್ನೋ ವೈದ್ಯರನ್ನೋ ಕರೆಸುವುದು ನಮ್ಮ ವಾಚನಾಲಯದ ವಾಡಿಕೆ. ಈ ಸಲ ಕಾರ್ಯದರ್ಶಿಗಳು ನಮ್ಮನ್ನೇ ತಂದು ನಿಲ್ಲಿಸಿದ್ದಾರೆ. ನಾವು ವೈದ್ಯರಲ್ಲ. ಮೆಟ್ರಿಕ್ ಮುಗಿಸಿ ಊರು ಬಿಟ್ಟು ಬಂದು, ಫರೀದಾಬಾದಿನ ಒಂದು ಹಿಟ್ಟಿನ ಮಿಲ್ಲಿನಲ್ಲಿ ಮೂಟೆಗಳ ಲೆಕ್ಕ ಬರೆಯುವವರು. ಭಾನುವಾರ ಇಲ್ಲಿಗೆ ಬಂದು ಪುಸ್ತಕದ ರಿಜಿಸ್ಟರು ಬರೆಯುವವರು. ಈ ವಿಷಯದಲ್ಲಿ ಮಾತಾಡುವುದಕ್ಕೆ ನಮಗಿರುವ ಯೋಗ್ಯತೆ ಒಂದೇ: ನಮ್ಮ ಕಾಲು ಒಮ್ಮೆ ಮುರಿದಿತ್ತು, ಈಗ ಕೂಡಿದೆ. ಮೂರನೆಯ ಮಹಡಿಯ ಈ ವಾಚನಾಲಯಕ್ಕೆ ಇವೊತ್ತು ನಡೆದೇ ಹತ್ತಿ ಬಂದಿದ್ದೇವೆ. ಮುರಿದದ್ದಕ್ಕೂ ಕೂಡಿದ್ದಕ್ಕೂ ನಡುವೆ ನಾವು ಮಾಡಿದ ತಪ್ಪುಗಳನ್ನು ತಾವು ಯಾರೂ ಮಾಡದಿರಲಿ ಎಂದು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

2024ರ ಜನವರಿಯ ಎರಡನೆಯ ವಾರ. ಇಲ್ಲಿಯ ಮಂಜು ತಮಗೆ ಗೊತ್ತೇ ಇದೆ. ಬೆಳಿಗ್ಗೆ ಏಳು ಗಂಟೆಗೆ ಮಿಲ್ಲಿಗೆ ನಡೆದು ಹೋಗುತ್ತಿದ್ದೆವು. ಹತ್ತು ಮಾರು ದೂರದ ಮನುಷ್ಯನೂ ಕಾಣುತ್ತಿರಲಿಲ್ಲ. ದಾರಿಯ ಬದಿಯ ಚರಂಡಿಗೆ ಚಪ್ಪಡಿ ಇಲ್ಲದ ಜಾಗದಲ್ಲಿ ಬಲಗಾಲು ಇಳಿಯಿತು, ಮೈ ಮುಂದಕ್ಕೆ ಬಿತ್ತು. ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದಿದ್ದವು. ದಾರಿಯಲ್ಲಿ ಹೋಗುವ ಪುಣ್ಯಾತ್ಮರು ಆಟೋದಲ್ಲಿ ಮಲಗಿಸಿ ಆಸ್ಪತ್ರೆಗೆ ಸೇರಿಸಿದರು. ಮೂಳೆ ಜರುಗಿರುವುದು ಕಡಿಮೆ, ಶಸ್ತ್ರಚಿಕಿತ್ಸೆ ಬೇಡ ಎಂದು ವೈದ್ಯರು ನೋಡಿ, ತೊಡೆಯಿಂದ ಪಾದದವರೆಗೆ ಪ್ಲಾಸ್ಟರು ಹಾಕಿ, ಎರಡು ವಾರ ಬಿಟ್ಟು ಬನ್ನಿ ಎಂದು ಕಳುಹಿಸಿದರು.

ನಮ್ಮ ಕೋಣೆ ಎರಡನೆಯ ಮಹಡಿಯಲ್ಲಿ. ಶೌಚಾಲಯ ಮೊಗಸಾಲೆಯ ಕೊನೆಯಲ್ಲಿ, ಐದು ಕೋಣೆಯವರಿಗೆ ಒಂದು. ಜೊತೆಗಿದ್ದವನು ತುಮಕೂರು ಕಡೆಯ ಹುಡುಗ. ಆರು ಗಂಟೆಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ ಒಂಬತ್ತಕ್ಕೆ. ಹಗಲೆಲ್ಲ ನಾವೊಬ್ಬರೇ. ಆ ಎರಡು ವಾರ ನಾವು ಮಾಡಿದ್ದನ್ನು ಈಗ ಹೇಳುವುದಕ್ಕೆ ಸಂಕೋಚವಾಗುತ್ತದೆ, ಆದರೂ ಹೇಳದಿದ್ದರೆ ಈ ಭಾಷಣಕ್ಕೆ ಅರ್ಥವಿಲ್ಲ. ನೀರು ಕುಡಿದರೆ ಏಳಬೇಕಾಗುತ್ತದೆಂದು ನೀರು ಕುಡಿಯಲಿಲ್ಲ. ಊಟ ಮಾಡಿದರೆ ಹೋಗಬೇಕಾಗುತ್ತದೆಂದು ಊಟ ಮಾಡಲಿಲ್ಲ. ಚಹಾ, ರಸ್ಕು, ಬಿಸ್ಕತ್ತು, ಇಷ್ಟೇ. ಹುಡುಗ ಕೇಳಿದರೆ ಹಸಿವಿಲ್ಲ ಎಂದೆವು. ಹಸಿವಿತ್ತು. ಒಬ್ಬರ ಹೆಗಲ ಮೇಲೆ ಕೈಹಾಕಿ ಶೌಚಾಲಯಕ್ಕೆ ಹೋಗಬೇಕಲ್ಲ ಎಂಬ ನಾಚಿಕೆ ಹಸಿವಿಗಿಂತ ದೊಡ್ಡದಾಗಿತ್ತು.

ಗದಗಿನ ಕಡೆ ನಮ್ಮ ಊರು. ಅಲ್ಲಿ ಅವ್ವ, ಹೆಂಡತಿ, ಮಗಳು ಇದ್ದಾರೆ. ಅವರಿಗೆ ಫೋನಿನಲ್ಲಿ ಮಿಲ್ಲಿನ ಲೆಕ್ಕದ ಕೆಲಸ ಹೆಚ್ಚಾಗಿದೆ ಎಂದು ಸುಳ್ಳು ಹೇಳಿದೆವು.

ಎರಡು ವಾರದ ಮೇಲೆ ಆಸ್ಪತ್ರೆಗೆ ಹೋದಾಗ ಎಕ್ಸ್‌ರೇ ನೋಡಿದ ವೈದ್ಯರು ಮೂಳೆ ಸಾಲಾಗಿಯೇ ಇದೆ ಎಂದರು. ಅನಂತರ ಅಲ್ಲಿಯ ಫಿಸಿಯೋಥೆರಪಿಯ ಹೆಣ್ಣುಮಗಳು ನಮ್ಮ ಎಡಗಾಲಿನ ತೊಡೆ ಹಿಡಿದು ನೋಡಿ, "ಇದು ಯಾಕೆ ಹೀಗಾಯಿತು?" ಎಂದು ಕೇಳಿದಳು. ಮುರಿದದ್ದು ಬಲಗಾಲು, ಸೊರಗಿದ್ದು ಎರಡೂ. ತೂಗಿ ನೋಡಿದರೆ ನಾಲ್ಕು ಕಿಲೋ ಕಡಿಮೆ, ಅದೂ ಪ್ಲಾಸ್ಟರಿನ ಭಾರವನ್ನು ಸೇರಿಸಿಕೊಂಡು! ದಿನವೂ ಏನೇನು ತಿನ್ನುತ್ತೀರೆಂದು ಆಕೆ ವಿಚಾರಿಸಿದಳು. ಹೇಳಿದೆವು. ಆಕೆ ಬೈಯಲಿಲ್ಲ. ಇಷ್ಟೇ ಹೇಳಿದಳು: "ಪ್ಲಾಸ್ಟರು ಮೂಳೆಯನ್ನು ಕೂಡಿಸುವುದಿಲ್ಲ, ಅಲುಗದಂತೆ ಹಿಡಿದುಕೊಳ್ಳುತ್ತದೆ. ಕೂಡಿಸುವುದು ನಿಮ್ಮ ಊಟ."

ಇಲ್ಲಿ ಕಟ್ಟಡದ ಕೆಲಸ ಮಾಡುವ ಬಂಧುಗಳು ಇದ್ದಾರೆ. ಅವರಿಗೆ ಇದು ಬೇಗ ತಿಳಿಯುತ್ತದೆ. ಚಾವಣಿ ಹಾಕುವಾಗ ಕೆಳಗೆ ಸೆಂಟ್ರಿಂಗ್ ಹಲಗೆ ಹೊಡೆಯುತ್ತಾರೆ. ಹಲಗೆ ಹಿಡಿದು ನಿಲ್ಲುತ್ತದೆ ಅಷ್ಟೆ. ಚಾವಣಿಯಾಗುವುದು ಮೇಲೆ ಸುರಿದ ಸಿಮೆಂಟು, ಕಬ್ಬಿಣ, ಜಲ್ಲಿ. ಹಲಗೆ ಹೊಡೆದು, ಮೇಲೆ ಏನೂ ಸುರಿಯದೆ, ಚಾವಣಿ ಯಾವಾಗ ಗಟ್ಟಿಯಾಗುತ್ತದೆಂದು ಕಾಯುತ್ತ ಕುಳಿತ ಮೇಸ್ತ್ರಿಯ ಹಾಗೆ ನಾವು ಎರಡು ವಾರ ಕಳೆದಿದ್ದೆವು.

ಮೂಳೆ ಮುರಿದ ಕೂಡಲೇ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಅದರ ಜಾಗದಲ್ಲಿ ಮೆತ್ತನೆಯ ಬೆಸುಗೆ ಬೆಳೆಯುತ್ತದೆ. ಮುಂದಿನ ವಾರಗಳಲ್ಲಿ ಆ ಬೆಸುಗೆಯಲ್ಲಿ ಸುಣ್ಣದ ಅಂಶ ತುಂಬಿ ಗಟ್ಟಿಯಾಗುತ್ತದೆ. ಹೆಚ್ಚಾದದ್ದನ್ನು ಕೆತ್ತಿ ಹಳೆಯ ಆಕಾರಕ್ಕೆ ತರುವ ಕೆಲಸ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಬೆಸುಗೆಯ ಬಲೆ ಹೆಣೆಯುವುದಕ್ಕೆ ಪ್ರೋಟೀನು ಬೇಕು, ಅದನ್ನು ಗಟ್ಟಿ ಮಾಡುವುದಕ್ಕೆ ಕ್ಯಾಲ್ಸಿಯಂ ಬೇಕು, ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರುವುದಕ್ಕೆ ವಿಟಮಿನ್ ಡಿ ಬೇಕು. ಇವು ಹೊಟ್ಟೆಯ ಕಡೆಯಿಂದ ಬಾರದಿದ್ದರೆ ದೇಹ ಸುಮ್ಮನಿರುವುದಿಲ್ಲ; ತನ್ನದೇ ತೊಡೆ ತೋಳುಗಳ ಮಾಂಸವನ್ನು ಕರಗಿಸಿ ಖರ್ಚು ಮಾಡುತ್ತದೆ. ಅಸಲಿಗೇ ಕೈ ಹಾಕಿ ಮನೆ ನಡೆಸಿದ ಹಾಗೆ. ನಮ್ಮ ನಾಲ್ಕು ಕಿಲೋ ಹೋದದ್ದು ಹೀಗೆ.

ಆ ರಾತ್ರಿ ತುಮಕೂರಿನ ಹುಡುಗ ಎಲ್ಲ ಕೇಳಿ, "ನೀವು ಹಿಂಗೆ ಚಾ ಕುಡ್ಕೊಂಡು ಮಲಗಿದ್ರೆ ಮೂಳೆ ಎಲ್ಲಿಂದ ಕೂಡುತ್ತೆ ಅಣ್ಣಾ? ನಂಗೆ ಹೇಳ್ಬಾರ್ದಿತ್ತಾ?" ಎಂದ. ಅವನೇ ಫೋನು ತೆಗೆದು ಊರಿಗೂ ಹೇಳಿಸಿದ. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಾಲ ಮುರದಿತ್ತು ಖರೆ, ಬಾಯಿ ಮುರದಿರಲಿಲ್ಲಲ್ಲೋ ತಮ್ಮಾ, ಹೇಳಾಕ ಏನಾಗಿತ್ತು?" ಎಂದಳು. ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಇವೊತ್ತಿಗೂ ಇಲ್ಲ.

ಇನ್ನು ಊಟದ ವಿಚಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ 2020ರಲ್ಲಿ ಹೇಳಿರುವ ಪ್ರಕಾರ, ದೊಡ್ಡವರಿಗೆ ದಿನಕ್ಕೆ ದೇಹದ ಒಂದೊಂದು ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಕ್ಯಾಲ್ಸಿಯಂ ದಿನಕ್ಕೆ 1000 ಮಿಲಿಗ್ರಾಂ. ಇದು ಆರೋಗ್ಯವಂತರ ಲೆಕ್ಕ. ಮೂಳೆ ಕೂಡುವ ಕಾಲದಲ್ಲಿ ಪ್ರೋಟೀನು ಕಿಲೋಗೆ 1.2 ಗ್ರಾಮಿನ ಮೇಲಿರಲಿ ಎಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. 60 ಕಿಲೋ ತೂಗುವವನಿಗೆ 72 ಗ್ರಾಂ ಆಯಿತು. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು. ಸಕ್ಕರೆ ಕಾಯಿಲೆಯವರೂ ಕೇಳಿಯೇ ಊಟ ಬದಲಿಸಬೇಕು.

72 ಗ್ರಾಂ ಎಂದರೆ ಡಬ್ಬಿಯ ಪುಡಿ ಕೊಳ್ಳಬೇಕೇನೋ ಎಂದು ನಾವೂ ಹೆದರಿದ್ದೆವು. ಬೇಕಾಗಲಿಲ್ಲ. ಲೆಕ್ಕದವರಾದ್ದರಿಂದ ಒಂದು ಪುಸ್ತಕದಲ್ಲಿ ಜಮಾ ಬರೆದೆವು. ಬೆಳಿಗ್ಗೆ 50 ಗ್ರಾಂ ರಾಗಿ ಹಿಟ್ಟಿನ ಗಂಜಿಗೆ ಒಂದು ಲೋಟ ಹಾಲು: ರಾಗಿಯಿಂದ 3 ಗ್ರಾಂ, ಹಾಲಿನಿಂದ 6. ಹತ್ತು ಗಂಟೆಗೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ: 7. ಮಧ್ಯಾಹ್ನ ನಾಲ್ಕು ಚಪಾತಿ: 12, ಗಟ್ಟಿ ಬೇಳೆ, ಹಸಿಯ ಲೆಕ್ಕದಲ್ಲಿ 50 ಗ್ರಾಂ: 11, ಒಂದು ಬಟ್ಟಲು ಮೊಸರು: 6. ಸಂಜೆ ಒಂದು ಹಿಡಿ ಹುರಿಗಡಲೆ: 6. ರಾತ್ರಿ ಮೂರು ಚಪಾತಿ: 9; ಎರಡು ಮೊಟ್ಟೆ: 12; ಮೊಟ್ಟೆ ತಿನ್ನದವರಿಗೆ 25 ಗ್ರಾಂ ಸೋಯಾ ತುಂಡು ಹಾಕಿದ ಪಲ್ಯದಲ್ಲಿ ಅಷ್ಟೇ ಸಿಗುತ್ತದೆ. ಮಲಗುವಾಗ ಒಂದು ಲೋಟ ಹಾಲು: 6. ಕೂಡಿಸಿದರೆ 78. ಇದರಲ್ಲಿ ನಮ್ಮ ಮಿಲ್ಲಿನ ಎದುರಿನ ಕಿರಾಣಿ ಅಂಗಡಿಯಲ್ಲಿ ಸಿಗದ ಪದಾರ್ಥ ಯಾವುದಿದೆ?

ಒಂದಿತ್ತು, ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಾವು ದಿನವೂ ತಿನ್ನುವ ಅಕ್ಕಿ, ಗೋಧಿ ಯಾವುದರಲ್ಲೂ ಇದರ ಹತ್ತಿರಕ್ಕೂ ಬರುವಷ್ಟಿಲ್ಲ. ನಾವು ಜೋಳದ ನಾಡಿನವರು, ರಾಗಿಯ ರುಚಿ ಅರಿಯದವರು. ತುಮಕೂರಿನ ಹುಡುಗ ರಾಗಿಗಾಗಿ ಐ.ಎನ್.ಎ. ಮಾರ್ಕೆಟ್ಟಿಗೆ ಹೋಗಬೇಕೆಂದುಕೊಂಡಿದ್ದ. ಅಷ್ಟರಲ್ಲಿ ಪಕ್ಕದ ಕೋಣೆಯ ಗಢವಾಲದ ಭಾಭೀಜಿ ಒಂದು ಕಪ್ಪಗಿನ ರೊಟ್ಟಿಗೆ ತುಪ್ಪ ಸವರಿ ತಂದುಕೊಟ್ಟರು. "ಮಂಡುವಾ" ಎಂದರು. ಹುಡುಗ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಅಣ್ಣಾ, ಇದು ರಾಗಿ!" ಎಂದು ಕೂಗಿದ. ಉತ್ತರಾಖಂಡದ ಬೆಟ್ಟದವರ ಮಂಡುವಾ ನಮ್ಮ ರಾಗಿಯೇ. ಅವರ ಜನ ದೆಹಲಿಯ ಸುತ್ತ ಬಹಳ ಇದ್ದಾರೆ, ಅವರಿರುವ ಬೀದಿಯ ಅಂಗಡಿಗಳಲ್ಲಿ ಮಂಡುವಾ ಹಿಟ್ಟು ಕೇಳಿದರೆ ಸಿಗುತ್ತದೆ. ನಾಲ್ಕು ವರ್ಷ ಒಂದೇ ಮೊಗಸಾಲೆಯಲ್ಲಿದ್ದು, ಅವರ ಅಡಿಗೆಯಲ್ಲಿ ನಮ್ಮ ಧಾನ್ಯವಿದೆಯೆಂದು ತಿಳಿಯಲು ನಮ್ಮ ಕಾಲು ಮುರಿಯಬೇಕಾಯಿತು.

ಕ್ಯಾಲ್ಸಿಯಂ ಜಮಾ ಕೂಡ ನೋಡಿರಿ. 50 ಗ್ರಾಂ ರಾಗಿಗೆ ಸುಮಾರು 175 ಮಿಲಿಗ್ರಾಂ. ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು ಸೇರಿ 700ರ ಹತ್ತಿರ. ಎರಡು ಚಮಚ ಹುರಿದ ಎಳ್ಳಿನ ಪುಡಿಗೆ ನೂರರ ಮೇಲೆ. ಸೊಪ್ಪು ಬೇಳೆಗಳದು ಬೇರೆ. ಸಾವಿರ ತುಂಬಿತು. ಚಳಿಗಾಲದಲ್ಲಿ ಇಲ್ಲಿ ಸೀಬೆಹಣ್ಣು, ನೆಲ್ಲಿಕಾಯಿ ಅಗ್ಗ. ಇವುಗಳಲ್ಲಿರುವ ವಿಟಮಿನ್ ಸಿ ಕೂಡ ಬೆಸುಗೆಗೆ ಬೇಕಾದದ್ದೇ. ದಿನಕ್ಕೊಂದಾದರೂ ತಿನ್ನಬೇಕು.

ವಿಟಮಿನ್ ಡಿ ಮಾತ್ರ ತಟ್ಟೆಯಲ್ಲಿ ಸಾಕಷ್ಟು ಸಿಗುವುದಿಲ್ಲ. ಮೈಮೇಲೆ ಬಿಸಿಲು ಬೀಳಬೇಕು. ಇಷ್ಟು ಬಿಸಿಲಿನ ಊರಿನಲ್ಲಿ ಅದಕ್ಕೇನು ಬರ ಎನ್ನಬೇಡಿ. ದೆಹಲಿಯ ಆರೋಗ್ಯವಂತ ಜನರಲ್ಲಿಯೇ ವಿಟಮಿನ್ ಡಿ ಬಹಳ ಕಡಿಮೆ ಇದೆಯೆಂದು ಏಮ್ಸ್ ಆಸ್ಪತ್ರೆಯ ವೈದ್ಯರು 2000ದಲ್ಲೇ ಪರೀಕ್ಷಿಸಿ ಪ್ರಕಟಿಸಿದ್ದಾರೆ. ಹಗಲೆಲ್ಲ ಕಚೇರಿ, ಕಾರ್ಖಾನೆ, ಕತ್ತಲೆ ಕೋಣೆ. ಚಳಿಗಾಲದಲ್ಲಿ ಮಂಜು, ಹೊಗೆ, ಮೈತುಂಬ ಸ್ವೆಟರು. ಮಂಜು ಕರಗಿದ ಮೇಲೆ, ಹನ್ನೊಂದರಿಂದ ಎರಡರೊಳಗೆ, ಕೈಕಾಲು ಮುಖ ಬಿಟ್ಟು ಅರ್ಧ ಗಂಟೆ ಕೂರುವುದು ಒಳ್ಳೆಯದು. ವೈದ್ಯರು ಪರೀಕ್ಷೆ ಮಾಡಿಸಿ ಔಷಧ ಬರೆದರೆ ಅದನ್ನು ಬರೆದ ಪ್ರಕಾರವೇ ತೆಗೆದುಕೊಳ್ಳಬೇಕು. 60,000 ಯೂನಿಟ್ಟಿನ ಪೊಟ್ಟಣವನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಬರೆಯುತ್ತಾರೆ. ಬೇಗ ಗುಣವಾಗಲಿ ಎಂದು ದಿನಕ್ಕೊಂದು ನುಂಗಿದರೆ ಅದೇ ವಿಷವಾಗುತ್ತದೆ.

ಪಥ್ಯದ ಮಾತೂ ಬರುತ್ತದೆ. ನಮ್ಮ ಕಡೆ ಗಾಯವಾದವರಿಗೆ ಬದನೆಕಾಯಿ ನಂಜು, ಮೊಟ್ಟೆ ನಂಜು, ಮೀನು ನಂಜು, ಮೊಸರು ನಂಜು ಎಂದು ಒಂದೊಂದೇ ತೆಗೆದುಹಾಕಿ ಕೊನೆಗೆ ಅನ್ನ ಸಾರು ಉಳಿಸುತ್ತಾರೆ. ಹಿರಿಯರು ಅಕ್ಕರೆಯಿಂದಲೇ ಹೇಳುತ್ತಾರೆ, ಅವರ ಮನಸ್ಸು ನೋಯಿಸಬೇಡಿ. ಆದರೆ ಮೊದಲಿನಿಂದ ಒಗ್ಗಿದ ಪದಾರ್ಥ ಮೂಳೆ ಮುರಿದ ಮಾತ್ರಕ್ಕೆ ನಂಜಾಗುವುದಿಲ್ಲ. ಅವ್ವನಿಗೆ ನಾವು, "ಡಾಕ್ಟರು ಔಷಧ ಅಂತ ಬರಕೊಟ್ಟಾರ ಅವ್ವಾ" ಎಂದೆವು. "ಔಷಧ ಅಂದರ ತಿನ್ನು" ಎಂದಳು. ಕಾಲಿನ ಸೂಪು ಕುಡಿದರೆ ಕಾಲು ಕೂಡುತ್ತದೆಂಬ ಮಾತೂ ಇದೆ. ಅಭ್ಯಾಸವಿದ್ದವರು ಕುಡಿಯಲಿ, ಬಾಯಿಗೆ ಹಿತ. ಆದರೆ ಅದರಲ್ಲಿ ಇಳಿಯುವ ಕ್ಯಾಲ್ಸಿಯಂ ಬಹಳ ಕಡಿಮೆ. ಅದನ್ನೇ ನಂಬಿ ಹಾಲು ಬಿಡಬಾರದು.

ಬೀಡಿ, ಸಿಗರೇಟು, ಗುಟ್ಕಾಗಳ ಅಭ್ಯಾಸವಿರುವವರಿಗೆ ಒಂದು ಪ್ರಾರ್ಥನೆ. ತಂಬಾಕು ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಸೇದುವವರ ಮೂಳೆ ತಡವಾಗಿ ಕೂಡುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ. ಮದ್ಯವೂ ಹಾಗೆಯೇ ಕೆಡುಕು, ಊರುಗೋಲಿನ ಮೇಲಿರುವವನಿಗಂತೂ ಎರಡನೆಯ ಸಲ ಬೀಳುವ ದಾರಿ. ಮಲಗಿದಲ್ಲೇ ಇರುವುದರಿಂದಲೂ ನೋವಿನ ಮಾತ್ರೆಗಳಿಂದಲೂ ಮಲಬದ್ಧತೆ ಬರುತ್ತದೆ. ಅದಕ್ಕೆ ನೀರು, ಸೊಪ್ಪು, ಹಣ್ಣು ಬೇಕು. ನಾವು ನೀರು ಬಿಟ್ಟು ಶೌಚದ ತೊಂದರೆ ತಪ್ಪಿಸಿಕೊಳ್ಳಲು ಹೋಗಿ, ನಾಲ್ಕು ದಿನ ಅದರ ಹತ್ತು ಪಾಲು ತೊಂದರೆ ಪಟ್ಟೆವು.

ಇನ್ನು ವ್ಯಾಯಾಮ. ಕಾಲು ಮುರಿದವನಿಗೆ ವ್ಯಾಯಾಮವೆಲ್ಲಿಯದು ಎಂದು ನಗಬೇಡಿ. ಪ್ಲಾಸ್ಟರು ಹಾಕಿದ್ದು ಒಂದು ಕಾಲಿಗೆ. ಉಳಿದ ಮೂರು ಅಂಗಗಳಿಗೆ ರಜೆ ಕೊಟ್ಟವರು ಯಾರೂ ಇಲ್ಲ. ಫಿಸಿಯೋಥೆರಪಿಯವರು ನಮಗೆ ಕಲಿಸಿದ್ದು ಇಷ್ಟು. ಪ್ಲಾಸ್ಟರಿನ ತುದಿಯಲ್ಲಿ ಕಾಣುವ ಬೆರಳುಗಳನ್ನು ಗಂಟೆಗೊಮ್ಮೆ ಮಡಿಸಿ ಬಿಡಿಸುವುದು. ಪ್ಲಾಸ್ಟರಿನೊಳಗೇ ತೊಡೆಯ ಸ್ನಾಯುವನ್ನು ಬಿಗಿಹಿಡಿದು, ಐದು ಎಣಿಸಿ ಬಿಡುವುದು. ಹೀಗೆ ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ಅವರು ಅಪ್ಪಣೆ ಕೊಟ್ಟ ಮೇಲೆ ಪ್ಲಾಸ್ಟರು ಸಮೇತ ಕಾಲನ್ನು ನೇರವಾಗಿ ಒಂದು ಗೇಣು ಎತ್ತಿ ಇಳಿಸುವುದು. ಒಂದೊಂದು ಲೀಟರಿನ ಎರಡು ನೀರಿನ ಬಾಟಲಿ ತುಂಬಿಸಿಕೊಂಡು ಕೈಗಳಿಗೆ ಸಾಮು. ಗಟ್ಟಿ ಕುರ್ಚಿಯ ತೋಳುಗಳನ್ನು ಊರಿ ಮೈಯನ್ನು ಮೇಲಕ್ಕೆತ್ತುವುದು. ಊರುಗೋಲು ಹಿಡಿಯುವ ಕೈಗೆ ಬಲ ಬರುವುದು ಇದರಿಂದ. ದಿನಕ್ಕೆ ನಾಲ್ಕು ಸಲ ಆಳವಾಗಿ ಹತ್ತು ಹತ್ತು ಉಸಿರು. ಎಲ್ಲ ಸೇರಿ ಒಂದು ಗಂಟೆಯ ಕೆಲಸ. ದಿನದಲ್ಲಿ ಮಿಕ್ಕ ಹೊತ್ತು ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟಿರಬೇಕು.

ಊರುಗೋಲನ್ನು ಇಲ್ಲಿಯವರು ಬೈಸಾಖಿ ಎನ್ನುತ್ತಾರೆ. ಅದರ ತಲೆ ಕಂಕುಳಿಗೆ ತಾಗಬಾರದು. ಎರಡು ಮೂರು ಬೆರಳು ಜಾಗವಿರಬೇಕು, ಮೈಭಾರ ಅಂಗೈಯ ಮೇಲಿರಬೇಕು. ಕಂಕುಳ ಮೇಲೆ ಭಾರ ಬಿಟ್ಟರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಊರುಗೋಲೂ ನೊಂದ ಕಾಲೂ ಮೊದಲು. ಧೈರ್ಯ ಸಾಲದ ದಿನಗಳಲ್ಲಿ ನಾವು ಮೆಟ್ಟಿಲ ಮೇಲೆ ಕುಳಿತು, ಕೈ ಊರಿ, ಒಂದೊಂದೇ ಮೆಟ್ಟಿಲು ಹಿಂದುಹಿಂದಕ್ಕೆ ಏರಿ ತಾರಸಿಯ ಬಿಸಿಲಿಗೆ ಹೋಗುತ್ತಿದ್ದೆವು. ಮಕ್ಕಳು ನೋಡಿ ನಕ್ಕರು. ನಾಲ್ಕನೆಯ ದಿನ ಅವರೇ ನಮ್ಮ ಊರುಗೋಲನ್ನು ಮೇಲಕ್ಕೆ ಹೊತ್ತು ತರತೊಡಗಿದರು.

ಎರಡು ಅಪಾಯಗಳನ್ನು ಎಲ್ಲರೂ ನೆನಪಿಡಬೇಕು. ಪ್ಲಾಸ್ಟರು ಹಾಕಿದ ಮೇಲೆ ನೋವು ಇಳಿಯುವ ಬದಲು ಏರುತ್ತ ಹೋದರೆ, ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಎರಡನೆಯದು, ಮೀನಖಂಡದಲ್ಲಿ ಹೊಸದಾಗಿ ಊತ ನೋವು ಬಂದರೂ, ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಎದೆ ನೋವಾದರೂ, ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು; ತಡಮಾಡದೆ 112ಕ್ಕೆ ಕರೆ ಮಾಡಬೇಕು. ಊರಿನ ನಾಟಿ ಕಟ್ಟಿನವರ ಬಳಿಗೂ ಇಲ್ಲಿಯ ಹಡ್ಡಿ ಪೈಲ್ವಾನರ ಬಳಿಗೂ ಹೋಗುವವರು ಇದ್ದಾರೆ. ಎಕ್ಸ್‌ರೇ ಇಲ್ಲದೆ ಎಳೆದು ಬಿಗಿದು ಕಟ್ಟಿಸಿಕೊಂಡರೆ ರಕ್ತ ನಿಂತು ಕಾಲೇ ಕೊಳೆಯುವ ಭಯವಿದೆ. ಮೊದಲು ಎಕ್ಸ್‌ರೇ, ಮೊದಲು ವೈದ್ಯರು.

ಆರು ವಾರಕ್ಕೆ ಉದ್ದನೆಯ ಪ್ಲಾಸ್ಟರು ತೆಗೆದು ಮೊಣಕಾಲಿನ ಕೆಳಗೆ ಚಿಕ್ಕದನ್ನು ಹಾಕಿದರು. ಮೊಣಕಾಲು ಮರದ ತುಂಡಾಗಿತ್ತು, ಬಗ್ಗಲಿಲ್ಲ. ಆಮೇಲೆ ಕಾಲಿನ ಮೇಲೆ 15 ಕಿಲೋ ಭಾರ ಹಾಕಿ ನಿಲ್ಲಿ ಎಂದರು. 15 ಕಿಲೋ ಎಂದರೆ ಎಷ್ಟೆಂದು ಕಾಲಿಗೆ ಹೇಗೆ ಗೊತ್ತಾಗಬೇಕು? ತೂಕದ ಯಂತ್ರದ ಮೇಲೆ ಆ ಕಾಲನ್ನಿಟ್ಟು ಮುಳ್ಳು ನೋಡುತ್ತ ಅದುಮಿ ಕಲಿಯಬೇಕಂತೆ. ಹನ್ನೆರಡು ವರ್ಷ ಹಿಟ್ಟಿನ ಮೂಟೆ ತೂಗಿಸಿದ ನಾವು ಆ ದಿನ ನಮ್ಮ ಕಾಲನ್ನು ತೂಗಿದೆವು. ವೈದ್ಯರು ಹೇಳಿದಂತೆ ವಾರ ವಾರ ಭಾರ ಏರಿಸಿದೆವು. ಏಪ್ರಿಲ್ ಮಧ್ಯದಲ್ಲಿ ಪ್ಲಾಸ್ಟರು ಪೂರ್ತಿ ಹೋಯಿತು, ಮೇ ಮಧ್ಯದಲ್ಲಿ ಒಂದು ಕೋಲು ಹಿಡಿದು ಮಿಲ್ಲಿಗೆ ಹೋದೆವು. ಕೆಲವರಿಗೆ ಇದಕ್ಕಿಂತ ಬೇಗ, ಕೆಲವರಿಗೆ ಇದಕ್ಕಿಂತ ತಡ. ನಮ್ಮ ಲೆಕ್ಕವನ್ನು ತಮ್ಮ ಕಾಲಿಗೆ ಹಚ್ಚಬೇಡಿ.

ನಡುವೆ ಬೇಸರದ ದಿನಗಳೂ ಬಂದವು. ಮಾರ್ಚಿ ತಿಂಗಳಲ್ಲಿ ವಾಚನಾಲಯದ ಮಿತ್ರರೊಬ್ಬರು ಪತ್ರಿಕೆಗಳ ಕಟ್ಟು ತಂದು ಹಾಕಿದರು. ದೆಹಲಿ ತಂಡದ ರಿಷಭ್ ಪಂತ್ ಮತ್ತೆ ಆಟಕ್ಕಿಳಿದ ಸುದ್ದಿ ಅದರಲ್ಲಿತ್ತು. 2022ರ ಡಿಸೆಂಬರ್ 30ರ ನಸುಕಿನಲ್ಲಿ ರೂರ್ಕಿಯ ಬಳಿ ಅವರ ಕಾರು ಅಪಘಾತಕ್ಕೀಡಾಗಿ ಬಲ ಮೊಣಕಾಲಿನ ಕಟ್ಟುಗಳು ಹರಿದಿದ್ದವು. ಅವರು ಮತ್ತೆ ನಡೆಯಲು, ಓಡಲು ಕಲಿತದ್ದು ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. ಆಟಕ್ಕೆ ಮರಳಿದ್ದು 2024ರ ಮಾರ್ಚ್ 23ರಂದು, ಹದಿನಾಲ್ಕು ತಿಂಗಳ ಮೇಲೆ. ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಕೂಡ 2023ರ ಮೇ 1ರಂದು ಲಖನೌದಲ್ಲಿ ಚೆಂಡಿನ ಹಿಂದೆ ಓಡುವಾಗ ತೊಡೆಗೆ ಪೆಟ್ಟು ಮಾಡಿಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅದೇ ಅಕಾಡೆಮಿಯಲ್ಲಿ ಅಭ್ಯಾಸ ಮಾಡಿ, ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ಎದುರು ಔಟಾಗದೆ 111 ಓಟ ಗಳಿಸಿದರು. ಅವರಿಗೆ ವೈದ್ಯರ ದಂಡೇ ಇರುತ್ತದೆ, ನಮಗೇನಿದೆ ಎಂದು ಆ ಮಿತ್ರರಿಗೆ ಹೇಳಿದೆವು. ಅವರು, "ದಂಡು ಇದ್ದರೂ ಕಾಲು ಎತ್ತಬೇಕಾದವರು ಅವರೇ ತಾನೇ?" ಎಂದರು. ಆ ದಿನ ಹತ್ತರ ಬದಲು ಹದಿನೈದು ಸಲ ಕಾಲು ಎತ್ತಿದೆವು.

ದಂಡು ಇಲ್ಲದವರಿಗೂ ಇಲ್ಲಿ ಬಾಗಿಲುಗಳಿವೆ. ದೆಹಲಿಯ ವಿಷ್ಣು ದಿಗಂಬರ ಮಾರ್ಗದಲ್ಲಿ ಪಂಡಿತ್ ದೀನದಯಾಳ್ ಉಪಾಧ್ಯಾಯ ರಾಷ್ಟ್ರೀಯ ಶಾರೀರಿಕ ದಿವ್ಯಾಂಗಜನ ಸಂಸ್ಥೆ ಇದೆ; ಅಲ್ಲಿ ಫಿಸಿಯೋಥೆರಪಿ ದೊರೆಯುತ್ತದೆ. ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ 2010ರಲ್ಲಿ ತೆರೆದ ಕ್ರೀಡಾಗಾಯ ಕೇಂದ್ರವಿದೆ. ನಮ್ಮಂಥವರಿಗೆ ಎಲ್ಲಕ್ಕಿಂತ ಹತ್ತಿರದ್ದು ಇ.ಎಸ್.ಐ. ಈ ಯೋಜನೆ ಭಾರತದಲ್ಲಿ ಮೊದಲು ಆರಂಭವಾದದ್ದು 1952ರ ಫೆಬ್ರವರಿ 24ರಂದು, ಕಾನಪುರದಲ್ಲೂ ದೆಹಲಿಯಲ್ಲೂ. ಅದರ ಸಂಬಳದ ಮಿತಿ 2017ರ ಜನವರಿಯಲ್ಲಿ ತಿಂಗಳಿಗೆ 21,000 ರೂಪಾಯಿ ಎಂದು ಗೊತ್ತಾಯಿತು. ಕೆಲಸದ ಮೇಲೆ ಆದ ಗಾಯಕ್ಕೆ, ಕೆಲಸ ಮಾಡಲಾಗದ ದಿನಗಳಿಗೆ ಸಂಬಳದ ನೂರಕ್ಕೆ 90ರಂತೆ ಪರಿಹಾರ. ಬೇರೆ ಕಾಯಿಲೆಗೆ ನೂರಕ್ಕೆ 70ರಂತೆ, ವರ್ಷದಲ್ಲಿ 91 ದಿನದವರೆಗೆ. 2010ರಿಂದೀಚೆಗೆ ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಕೆಲಸದ ಗಾಯವೆಂದು ಲೆಕ್ಕಕ್ಕೆ ಬರುತ್ತದೆ. ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ, ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮಿಲ್ಲಿನಲ್ಲಿ ಹಮಾಲರಿಗೆ ಈ ಅರ್ಜಿಗಳನ್ನು ಬರೆದುಕೊಡುತ್ತಿದ್ದವರು ನಾವೇ. ಆದರೂ ನಮ್ಮ ಅರ್ಜಿಯನ್ನು ಎರಡು ವಾರ ಬರೆಯಲಿಲ್ಲ. ಬಿದ್ದದ್ದು ನಮ್ಮ ತಪ್ಪು, ಪರಿಹಾರ ಕೇಳುವುದು ಹೇಗೆ ಎಂದು ಅಲ್ಲಿಯೂ ಅದೇ ನಾಚಿಕೆ. ಕೊನೆಗೆ ಒಬ್ಬ ಹಮಾಲನೇ ಬಂದು, "ಬಾಬೂಜಿ, ನನ್ನದು ನೀವು ಬರೆದಿರಿ, ನಿಮ್ಮದು ನಾನು ಬರೆಸಿಕೊಂಡು ಬಂದೆ" ಎಂದು ಫಾರಮ್ಮು ಮುಂದಿಟ್ಟ. ಸಹಿ ಮಾಡಿದೆವು. ಆ ಹಣ ಬಂದದ್ದರಿಂದಲೇ ಹಾಲು ಮೊಟ್ಟೆ ನಡೆಯಿತು, ಊರಿಗೂ ದುಡ್ಡು ಹೋಯಿತು.

ನಮ್ಮ ಸುದ್ದಿ ವಾಚನಾಲಯಕ್ಕೆ ತಿಳಿದ ಮೇಲೆ ಏನಾಯಿತೆಂಬುದು ಇಲ್ಲಿರುವ ಅನೇಕರಿಗೆ ಗೊತ್ತು, ಏಕೆಂದರೆ ಮಾಡಿದವರು ತಾವೇ. ವಾರದ ಏಳು ದಿನಕ್ಕೆ ಏಳು ಹೆಸರಿನ ಪಟ್ಟಿ ಗೋಡೆಗೆ ಅಂಟಿತು. ಒಬ್ಬರು ಮಧ್ಯಾಹ್ನದ ಊಟ ತಂದರು. ಒಬ್ಬರು ಕಮೋಡ್ ಕುರ್ಚಿ ಎಲ್ಲಿಂದಲೋ ಹುಡುಕಿ ತಂದರು. ಅದು ಬಂದ ದಿನದಿಂದ ನಾವು ನೀರು ಕುಡಿದೆವು. ಲಾಡಿನ ಪೊಟ್ಟಣ ತರುವ ಬದಲು ಮೊಟ್ಟೆಯನ್ನೋ ಕಡಲೆಕಾಯಿಯನ್ನೋ ತರುವಂತೆ ಒಬ್ಬ ಅಮ್ಮನವರು ಎಲ್ಲರಿಗೂ ಹೇಳಿ ಕಳುಹಿಸಿದರು.

ಆದುದರಿಂದ ನಾವು ಹೇಳಬೇಕಾದ ಮಾತು ಒಂದೇ. ಮನೆಮಂದಿ ಇರುವ ಊರಿನಲ್ಲಿ ಕಾಲು ಮುರಿದರೆ ಕೇಳದಿದ್ದರೂ ತಟ್ಟೆ ಬರುತ್ತದೆ. ಈ ಪರಸ್ಥಳದಲ್ಲಿ ಕೇಳಿದರೆ ಮಾತ್ರ ಬರುತ್ತದೆ. ಇಲ್ಲಿ ಜನ ಕೊಡುವುದಿಲ್ಲವೆಂದಲ್ಲ, ಅವರಿಗೆ ತಿಳಿಯುವುದಿಲ್ಲ. ಕೇಳುವುದಕ್ಕೆ ನಾಚಿಕೊಂಡವನ ಕಾಲು ತಡವಾಗಿ ಕೂಡುತ್ತದೆ.

ಅದಕ್ಕಾಗಿ ಸಭೆಯ ಮುಂದೆ ಎರಡು ಸೂಚನೆ ಇಡುತ್ತೇವೆ. ಒಂದು, ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಪುಸ್ತಕವಿರಲಿ. ನಮ್ಮವರು ಯಾರಾದರೂ ಹಾಸಿಗೆ ಹಿಡಿದದ್ದು ಗೊತ್ತಾದರೆ ಹೆಸರು, ವಿಳಾಸ ಬರೆಯಿರಿ. ತಮ್ಮದೇ ಹೆಸರನ್ನು ತಾವೇ ಬರೆದರೆ ಇನ್ನೂ ಸಂತೋಷ. ಎರಡು, ನಮ್ಮ ಜೊತೆ ಊರುಗೋಲುಗಳನ್ನೂ ಆ ಕಮೋಡ್ ಕುರ್ಚಿಯನ್ನೂ ಇಲ್ಲಿಗೆ ತಂದಿದ್ದೇವೆ. ಅಗೋ, ಕಾದಂಬರಿಗಳ ಬೀರುವಿನ ಪಕ್ಕದಲ್ಲಿವೆ. ಪುಸ್ತಕಗಳನ್ನು ಕೊಡುವಂತೆಯೇ ಇವನ್ನೂ ರಿಜಿಸ್ಟರಿನಲ್ಲಿ ಬರೆದು, ಬೇಕಾದವರಿಗೆ ಉಚಿತವಾಗಿ ಕೊಡೋಣ. ಪುಸ್ತಕಕ್ಕೆ ಹದಿನೈದು ದಿನದ ಅವಧಿ, ಇವಕ್ಕೆ ಅವಧಿ ಬೇಡ. ಕಾಲು ಕೂಡಿದ ದಿನ ಹಿಂದಿರುಗಿಸಿದರೆ ಸಾಕು.

 ಇಳಿಯುವಾಗ ಎರಡನೆಯ ಮಹಡಿಯ ತಿರುವಿನಲ್ಲಿ ಒಂದು ಮೆಟ್ಟಿಲು ಒಡೆದಿದೆ, ದೀಪವೂ ಇಲ್ಲ. ಗೋಡೆ ಹಿಡಿದು ನಿಧಾನವಾಗಿ ಇಳಿಯಿರಿ.